ಹಳೆಯ ಬಾಗಿಲಿನಿಂದ ಎತ್ತಿದ ಅಕ್ಷರ

ಇವತ್ತು ಮೊಮ್ಮಗಳು ಊಟದ ಮೇಜಿನ ಮೇಲೆ ನಾಣ್ಯವಿಟ್ಟು, ಅದರ ಮೇಲೆ ಕಾಗದ ಹಾಸಿ ಪೆನ್ಸಿಲ್ ಉಜ್ಜುತ್ತಿದ್ದಳು. ಶಾಲೆಯ ಹೋಂವರ್ಕ್. ಖಾಲಿ ಕಾಗದದಲ್ಲಿ ಸಿಂಹಗಳು ಮೂಡಿದಾಗ ಅವಳಿಗೆ ಖುಷಿ, ನನಗೆ ಮೈ ಜುಮ್ಮೆಂದಿತು. ಕಾಗದದ ಅಡಿಯಿಂದ ಏನಾದರೂ ಎದ್ದು ಬರುವುದನ್ನು ನಾನು ನೆಮ್ಮದಿಯಿಂದ ನೋಡಲಾರೆ. ಯಾಕೆಂದು ಹೇಳುತ್ತೇನೆ, ಕೇಳಿ.

ತೊಂಬತ್ತರ ದಶಕದಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕಮರ್ಷಿಯಲ್ ಆರ್ಟಿಸ್ಟ್. ಬಿರುದು ದೊಡ್ಡದು, ಕೆಲಸ ಮಾತ್ರ ಹೋಟೆಲಿನ ಬೋರ್ಡು, ಮದುವೆಯ ಕಾರ್ಡು. ಆಗ ಬಂದವರು ಉಡುಪಿ ಕಡೆಯ ಸಂಜೀವಣ್ಣ. ಕೆಡವಿದ ಚಾಳುಗಳ, ಅಂದರೆ ಅಲ್ಲಿನ ಹಳೆಯ ವಠಾರಗಳ, ಸಾಗುವಾನಿ ಬಾಗಿಲುಗಳನ್ನು ಕೊಂಡು, ರಬಾಳೆಯ ಶೆಡ್ಡಿನಲ್ಲಿ ಮೇಜು, ಕುರ್ಚಿ ಮಾಡಿಸುತ್ತಿದ್ದರು. ವ್ಯಾಪಾರಕ್ಕೆ ‘ಪುನ್ಹಾ’ ಎಂದು ಹೆಸರಿಟ್ಟಿದ್ದರು. ಮರಾಠಿಯಲ್ಲಿ ‘ಮತ್ತೊಮ್ಮೆ’ ಎಂದರ್ಥ. ಆ ಹೆಸರಿಗೊಂದು ಲೋಗೋ ಬರೆದುಕೊಡುವುದು ನನ್ನ ಪಾಲಿಗೆ ಬಂತು.

ಬರೆದು ತೋರಿಸಿದೆ. ಅವರು ದೂರ ಹಿಡಿದು ನೋಡಿದರು. “ಚಂದ ಉಂಟು ಮಾರಾಯ್ರೆ. ಆದ್ರೆ ಫ್ರಿಜ್ಜಿನ ಕಂಪನಿಯ ಹಾಗೆ ಕಾಣ್ತದೆ. ಮರ ಎಲ್ಲಿ ಉಂಟು ಇದ್ರಲ್ಲಿ?”

ನಾಗರಿ ಅಕ್ಷರಗಳ ತಲೆಗೆರೆ ದಪ್ಪ ಮಾಡಿದೆ, ‘ಪು’ವಿನ ಬಾಲ ಕಡಿದೆ, ಮತ್ತೆ ಅಂಟಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಬ್ರಷ್ಷನ್ನು ಬೈದುಕೊಂಡು ಕೂತೆ. ಕೊನೆಗೆ, ಮರ ಬೇಕಾದರೆ ಮರವನ್ನೇ ಕೇಳೋಣವೆಂದು ರಬಾಳೆಗೆ ಹೋಗಿ, ಗೋಡೆಗೊರಗಿಸಿದ್ದ ಒಂದು ಬಾಗಿಲಿಗೆ ಕಾಗದ ಅಂಟಿಸಿ ಮೇಣದ ಬಳಪ ಉಜ್ಜಿದೆ. ಮರದ ಎಳೆಗಳು ಮೂಡಿದವು. ಆ ಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ಜೋಡಿಸಿದಾಗ ಹೆಸರಿಗೆ ಜೀವ ಬಂತು. ಆದರೆ ‘ಹಾ’ದ ಹೊಟ್ಟೆಯಲ್ಲಿ ಎಳೆಗಳಿಗೆ ಸೇರದ ಒಂದು ಬಿಳಿ ಸುರುಳಿ. ಪಕ್ಕದ ತುಂಡು ಕತ್ತರಿಸಿದೆ. ಅಲ್ಲಿ ಇನ್ನೊಂದು ಸುರುಳಿ.

ಮಾರನೆಯ ದಿನ ಅದೇ ಬಾಗಿಲಿಗೆ ದೊಡ್ಡ ಕಾಗದ ಹಚ್ಚಿ ಉಜ್ಜಿದೆ. ನಡುಹಗಲು, ಸುತ್ತ ಗರಗಸದ ಸದ್ದು. ಕಾಗದದಲ್ಲಿ ಕನ್ನಡ ಮೂಡಿತು: ನಾಳೆ ಬಾ.

ನಿಮಗೆ ಗೊತ್ತೇ ಇದೆ. ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಆದರೆ ಒಂದೇ ಸಲ. ಬಾಗಿಲ ಮೇಲಿನ ಈ ಬರಹ ಓದಿ ಹೊರಟುಹೋಗುತ್ತದೆ. ಮರಾಠಿಯ ಠಾಣೆ ಜಿಲ್ಲೆಯಲ್ಲಿ ಕನ್ನಡ ಓದುವ ದೆವ್ವ ಯಾವುದಪ್ಪಾ ಎಂದು ನಗುತ್ತಾ ಸಂಜೀವಣ್ಣನ ಹೆಂಡತಿ ಜಲಜಕ್ಕನಿಗೆ ಕಾಗದ ತೋರಿಸಿದೆ. ಅವರು ನಗಲಿಲ್ಲ.

“ನಾನು ಬರೆದದ್ದು,” ಎಂದರು. “ಈ ಬಾಗಿಲು ಕೋಪರಿಯ ಚಾಳಲ್ಲಿ ನಮ್ಮ ಅಪ್ಪನ ಮನೆಯದ್ದು.”

ಅವರ ಅಕ್ಕ ಕುಸುಮ ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟಿದ್ದಳು. ಅದೇ ದಿನಗಳಲ್ಲಿ ನೆರೆಹೊರೆಯ ನಮ್ಮವರ ಬಾಯಲ್ಲೆಲ್ಲ ದೆವ್ವದ ಸುದ್ದಿ. ಶಾಲೆಗೆ ಹೋಗುವ ಜಲಜ ಹೆದರಿ, ಕೈವಾರದ ಮೊನೆಯಿಂದ ಬಾಗಿಲ ಹೊರಬದಿಗೆ ಇದನ್ನು ಗೀಚಿದ್ದಳು. ಒಂದು ಮಧ್ಯಾಹ್ನ ಒಬ್ಬಳೇ ಇದ್ದಾಗ ಹೊರಗಿನಿಂದ ಕುಸುಮಳ ದನಿ ಬಂತು: ಜಲಜಾ. ಒಂದೇ ಸಲ.

“ಇನ್ನೊಮ್ಮೆ ಕರೆದ್ರೆ ತೆಗೆಯುವ ಅಂತ ಬಾಗಿಲ ಹಿಂದೆಯೇ ನಿಂತಿದ್ದೆ. ಕರೀಲಿಲ್ಲ. ಅವಳಿಗೆ ಓದ್ಲಿಕ್ಕೆ ಬರ್ತಿತ್ತಲ್ಲ,” ಎಂದರು ಜಲಜಕ್ಕ.

ಕುಸುಮ ಮತ್ತೆ ಬರಲೇ ಇಲ್ಲ. ಅಪ್ಪ ಆ ಗೀಚು ಕಣ್ಣಿಗೆ ಕಾಣದಂತೆ ಬಾಗಿಲಿಗೆ ಬಣ್ಣ ಬಳಿಸಿದರಂತೆ. ಕರೆದದ್ದು ಕುಸುಮಳೋ ಬೇರೆ ಯಾವುದೋ, ಕೇಳಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಆ ಬಾಗಿಲಿಗೆ ಬೆನ್ನು ಹಾಕಿ ನಿಲ್ಲಲೂ ಹೆದರಿಕೆಯಾಯಿತು.

“ಅದನ್ನು ತೆಗೀರಿ,” ಎಂದರು. “ನಿಮ್ಮ ಅಕ್ಷರದಿಂದ್ಲೂ ತೆಗೀರಿ. ಯಾರೂ ಓದಿ ಹಿಂದೆ ಹೋಗ್ಬಾರ್ದು.”

ಲೋಗೋದೊಳಗಿನ ಒಂದೊಂದು ಬಿಳಿ ಗೀರಿಗೂ ಕಪ್ಪು ತುಂಬಿದೆ. “ಈಗ ಸರಿಯಾಯ್ತು ನೋಡಿ,” ಎಂದರು ಸಂಜೀವಣ್ಣ. ಬಾಗಿಲಿಗೆ ಬಡಗಿ ಉಜ್ಜುಗೊರಡು ಹಾಕಿದ. ಜಲಜಕ್ಕ ಅದನ್ನು ಮಾರಲು ಬಿಡದೆ ಠಾಕುರ್ಲಿಯ ತಮ್ಮ ಮನೆಯ ಮುಂಬಾಗಿಲು ಮಾಡಿಸಿಕೊಂಡರು.

ಅಚ್ಚಾದ ಲೆಟರ್‌ಹೆಡ್ ಕೊಡಲು ಅಲ್ಲಿಗೆ ಹೋದಾಗ ಬಾಗಿಲು ಹಾರುಹೊಡೆದಿತ್ತು. ಹೊರಗೆ ನಿಂತು “ಜಲಜಕ್ಕಾ” ಎಂದೆ, ಒಮ್ಮೆ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಗಂಡಸಿನ ದನಿಯೆಂದು ತಿಳಿದೂ, ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದರು. ನನ್ನ ಮುಖ ನೋಡಿದರು. ನನ್ನ ಹಿಂದಿನ ಖಾಲಿ ಮೆಟ್ಟಿಲುಗಳನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. “ನೀವಾ?” ಎಂದರು. ಬಂದವನು ನಾನಾದದ್ದಕ್ಕೆ ನನಗೆ ಅಷ್ಟು ಸಂಕಟ ಎಂದೂ ಆಗಿರಲಿಲ್ಲ.

ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ನನ್ನ ಹೆಸರು ಹೇಳಿ, ಆಮೇಲೆ ಒಳಗಿನವರನ್ನು ಕರೆಯುತ್ತೇನೆ. ಮನೆಯವರಿಗೆಲ್ಲ ಅದೊಂದು ತಮಾಷೆ. ನಾನೂ ಇಷ್ಟು ವರ್ಷ ನಕ್ಕು ಸುಮ್ಮನಿದ್ದೆ. ಇವತ್ತು ಅದೇ ತಮಾಷೆಯ ಮಾತು ಎದ್ದಾಗ ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟು, “ಲೇಕಿನ್ ಕ್ಯೂಂ, ಅಜ್ಜಾ? ಯಾಕೆ ಹಾಗೆ?” ಎಂದಳು. ಮೊದಲ ಬಾರಿಗೆ ಕಾರಣ ಹೇಳಿದೆ. “ಒಳಗಿರುವವರು ಯಾರಿಗಾಗಿ ಕಾಯ್ತಿದ್ದಾರೋ ನಮಗೇನು ಗೊತ್ತು, ಮಗಾ? ನಾವು ಅವರಲ್ಲ ಅಂತ ಮೊದಲೇ ಹೇಳಿಬಿಡಬೇಕು.”