ನೀಲಾ ಮತ್ತು ನಾನು ಕೂಡಿ ತೆಗೆದುಕೊಂಡ ಕೀಮೊ

ನೇಯ್ದ ಸೀರೆಯ ಮೇಲೆ ಕೈ ಆಡಿಸಿದರೆ ಸಾಕು, ಎಳೆ ಎಲ್ಲಿ ಗಂಟು ಬಿದ್ದಿದೆ ಎಂದು ನನಗೆ ತಿಳಿಯುತ್ತದೆ. ಬೆಟಗೇರಿಯ ಮಗ್ಗದ ಮನೆಗಳಿಂದ ಸೀರೆ ಕೊಂಡು, ಮೊದಲು ತಲೆಯ ಮೇಲೆ ಹೊತ್ತು ಊರೂರು ಮಾರಿ, ಆಮೇಲೆ ಸ್ವಂತ ಅಂಗಡಿ ಇಟ್ಟವಳು ನಾನು. ಅದೇ ಬೆರಳುಗಳಿಗೆ ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಟ್ಟಿಯಾದದ್ದೇನೋ ಸಿಕ್ಕಿತು. ನೋವಿರಲಿಲ್ಲ. ಒತ್ತಿದೆ. ಸರಿಯಲಿಲ್ಲ.

ನೋವಿಲ್ಲವೆಂದು ಸುಮ್ಮನಿರಬೇಡಿ. ಇದನ್ನು ಓದುವ ಹೆಣ್ಣುಮಕ್ಕಳಿಗೆ ಮೊದಲು ಹೇಳಬೇಕಾದ ಮಾತು ಇದು.

ಮ್ಯಾಮೊಗ್ರಾಮ್ ಗದಗಿನಲ್ಲಿ ಆಯಿತು, ಬಯಾಪ್ಸಿ ಹುಬ್ಬಳ್ಳಿಯಲ್ಲಿ. ರಿಪೋರ್ಟ್ ಓದಿದ ಡಾಕ್ಟರ್ ನನ್ನ ಮಗನ ಮುಖ ನೋಡಿ ಮಾತಾಡತೊಡಗಿದರು.

"ರೋಗ ನಂದೈತ್ರಿ. ನನಗ ಹೇಳ್ರಿ," ಎಂದೆ.

ಕ್ಯಾನ್ಸರ್.

ಮೊದಲು ಆಪರೇಷನ್, ಆಮೇಲೆ ಎಂಟು ಕೀಮೊ. ಎಂಟು ಎಂದಕೂಡಲೇ ನನ್ನ ಬಾಯಿ ತಾನಾಗಿಯೇ, "ಐದಕ್ಕ ಮುಗಸ್ರಿ ಡಾಕ್ಟರ್," ಎಂದಿತು.

"ಇದು ಸೀರಿ ವ್ಯಾಪಾರ ಅಲ್ಲರೀ ಅಕ್ಕಾರ," ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಎದುರಿನವರು ಹೇಳಿದ ದರಕ್ಕೆ ನಾನು ಯಾವತ್ತೂ ಏನನ್ನೂ ಕೊಂಡವಳಲ್ಲ.

ಮನೆಗೆ ಬಂದು ಮೊದಲು ಫೋನ್ ಮಾಡಿದ್ದು ಮುಂಡರಗಿಯ ನೀಲಾಳಿಗೆ. ಗದಗಿನಲ್ಲಿ ಬಿ.ಎ. ಓದುವಾಗ ನೀಲಾ, ಶಶಿಕಲಾ, ನಾನು ಒಂದೇ ಬೆಂಚಿನವರು. ಶಶಿ ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋದಳು. ಗಂಡನ ಅಡ್ಡಹೆಸರು ಅಂಟಿಕೊಂಡ ಮೇಲೆ ನಮ್ಮ ಕ್ಲಾಸಿನ ಹುಡುಗಿಯರು ಒಬ್ಬರಿಗೊಬ್ಬರು ಸಿಗದೇ ಹೋದೆವು. ಅರವತ್ತರ ಹತ್ತಿರ ಬಂದಾಗ ವಾಟ್ಸಾಪ್ ಮತ್ತೆ ಕೂಡಿಸಿತು. ನಮ್ಮದೇ ಒಂದು ಗ್ರೂಪ್. ಮೊಮ್ಮಕ್ಕಳ ಫೋಟೊ, ಮೊಣಕಾಲು ನೋವಿನ ಎಣ್ಣೆ, ಯಾರು ತೀರಿಕೊಂಡರು ಎಂಬ ಸುದ್ದಿ. ನೀಲಾಳಿಗೆ ಇದೇ ಕಾಯಿಲೆ ನನಗಿಂತ ಮೊದಲೇ ಬಂದು, ಆಪರೇಷನ್, ಕೀಮೊ ಎರಡೂ ಆಗಿ, ಮತ್ತೆ ಮರಳಿತ್ತು.

"ಅಳಬ್ಯಾಡ ಲೇ ಕಸ್ತೂರಿ," ಎಂದಳು. "ನನಗೂ ಬೆಳಗಾವ್ಯಾಗ ಮತ್ತ ಕೀಮೊ ಚಾಲೂ ಮಾಡ್ಯಾರ. ಇಬ್ರೂ ಕೂಡೇ ಮುಗಸೂಣು."

ಹಾಗೇ ನಡೆಯಿತು. ಆಪರೇಷನ್ ಆಯಿತು. ಆಮೇಲೆ ಪ್ರತಿ ಕೀಮೊ ಆದ ಮರುದಿನ ಅವಳಿಗೆ ಫೋನ್. ಕೂದಲು ಉದುರಿತು. ಬಾಯಲ್ಲಿ ಹುಣ್ಣು. ಅನ್ನಕ್ಕೆ ತಗಡಿನ ರುಚಿ. ಅಂಗಡಿಯಲ್ಲಿ ಸೊಸೆ ಕುಳಿತಳು; ಗಿರಾಕಿ ಕೇಳಿದ ದರಕ್ಕೇ ಕೊಟ್ಟು ಕಳಿಸುತ್ತಿದ್ದಾಳೆಂದು ನಾನು ಹಾಸಿಗೆಯಲ್ಲಿ ಸಂಕಟಪಡುತ್ತಿದ್ದೆ. ಒಂದು ದಿನ ಅವಳು ಹೊಸ ಮಾಲು ತಂದು ನನ್ನ ಮಡಿಲಿಗೆ ಹಾಕಿದಳು. ಕಣ್ಣು ಮುಚ್ಚಿ ಮುಟ್ಟಿದೆ.

ರೇಷ್ಮೆಯೋ ಹತ್ತಿಯೋ ತಿಳಿಯಲಿಲ್ಲ.

ಬೆರಳ ತುದಿಗಳು ಮರಗಟ್ಟಿದ್ದವು. ಆವತ್ತು ನೀಲಾಳ ಮುಂದೆ ಬಹಳ ಅತ್ತೆ. "ನನಗೂ ಹಂಗ ಆಗೇತಿ," ಎಂದಳು. "ಮೊನ್ನೆ ಚಾದ ಕಪ್ ಕೈಯಾಗ ಐತೋ ಇಲ್ಲೋ ಗೊತ್ತ ಆಗಲಿಲ್ಲ. ಮಜ್ಜಿಗಿ ಅನ್ನ ತಣ್ಣಗ ಮಾಡಿ ಉಣ್ಣು, ಬಾಯಿಗೆ ಹಿತ ಆಗತೈತಿ."

ಐದು ಮುಗಿದ ಮೇಲೆ ಸಾಕೆನಿಸಿತು. ಇನ್ನು ಹೋಗುವುದಿಲ್ಲ ಎಂದೆ. ಅವಳು ರೇಗಿದಳು.

"ನಾ ಇನ್ನೂ ತಗೊಳ್ಳಾಕತ್ತೇನಿ, ನೀ ಹೆಂಗ ಬಿಡ್ತಿ? ಪರೀಕ್ಷಾದಾಗೂ ಹಂಗ ಮಾಡ್ತಿದ್ದಿ. ಅರ್ಧಾ ಬರದು ಎದ್ದು ಬರಾಕಿ!"

ಮಾನ ಹೋದಂತಾಗಿ ಆರನೆಯದಕ್ಕೆ ಹೋದೆ.

ಅದರ ನಂತರ ನೀಲಾ ಫೋನ್ ಎತ್ತಲಿಲ್ಲ. ಶಶಿಯನ್ನು ಕೇಳಿದೆ. "ಬೆಳಗಾವಿಗೆ ಅಣ್ಣನ ಮನಿಗೆ ಹೋಗ್ಯಾಳ, ಫೋನ್ ಕೆಟ್ಟೈತಂತ," ಎಂದಳು. ಗ್ರೂಪಿನ ಇನ್ನೊಬ್ಬಳನ್ನು ಕೇಳಿದೆ. ಅದೇ ಅಣ್ಣನ ಮನೆ, ಅದೇ ಕೆಟ್ಟ ಫೋನ್. ಮೂರನೆಯವಳದೂ ಅದೇ. ಸಂತೆಯಲ್ಲಿ ಮೂವರು ಒಂದೇ ಮಾತನ್ನು ಒಂದೇ ರೀತಿ ಹೇಳಿದರೆ, ಅವರು ಮೊದಲೇ ಕೂತು ಗೊತ್ತು ಮಾಡಿಕೊಂಡಿದ್ದಾರೆ ಎಂದೇ ಲೆಕ್ಕ. ಅಂಥವರನ್ನು ಹೌದೋ ಅಲ್ಲವೋ ಎಂದು ಕೇಳಬಾರದು. ಗೊತ್ತಿದ್ದವರ ಹಾಗೆ ಮುಂದಿನ ಮಾತು ಕೇಳಬೇಕು. ಶಶಿಗೆ ಮತ್ತೆ ಫೋನ್ ಹಚ್ಚಿದೆ.

"ನೀಲಾನ ತಿಥಿಗೆ ನನ್ನ ಯಾಕ ಕರೀಲಿಲ್ಲ?"

ಆ ಕಡೆ ಬಿಕ್ಕಿದ ಸಪ್ಪಳ.

"ನಿನಗ ಯಾರ ಹೇಳಿದ್ರವಾ?"

"ಈಗ ನೀನ ಹೇಳಿದಿ."

ಗೆದ್ದಿದ್ದೆ. ಅಂಥ ಗೆಲುವು ಯಾರಿಗೂ ಬೇಡ.

ಏಳನೆಯ ಕೀಮೊ ದಿನ ನಾನು ಹುಬ್ಬಳ್ಳಿಗೆ ಹೋಗಲಿಲ್ಲ. ಮಗ ಬೈದ, ಸೊಸೆ ಅತ್ತಳು. ನನ್ನ ಲೆಕ್ಕ ಸರಳವಿತ್ತು: ಅದೇ ರೋಗ, ಅದೇ ಔಷಧ, ಅವಳು ಹೋದಳು. ಬಾಳದ ಮಾಲಿಗೆ ಮೈಯನ್ನು ಯಾಕೆ ಸುಡಿಸಿಕೊಳ್ಳಲಿ? ತಲೆಗೆ ಸ್ಕಾರ್ಫ್ ಕಟ್ಟಿ, ಶಶಿಯನ್ನು ಕರೆದುಕೊಂಡು ಮುಂಡರಗಿಗೆ ಹೋದೆ.

ನೀಲಾಳ ಯಜಮಾನರು ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. "ಇಬ್ರೂ ಕೂಡೇ ಕೀಮೊ ತಗೊಂಡ್ವಿ. ಆಕಿಗೆ ಯಾಕ ಹತ್ತಲಿಲ್ಲರೀ?" ಎಂದು ಕೇಳಿದೆ.

ಅವರು ಶಶಿಯ ಮುಖ ನೋಡಿದರು. ಸಾವಿನ ಸುದ್ದಿ ಬಿಟ್ಟರೆ ಅವಳಿಗೂ ಹೆಚ್ಚೇನೂ ಗೊತ್ತಿದ್ದಂತಿರಲಿಲ್ಲ.

"ಆಕಿ ಎಲ್ಲಿ ಕೀಮೊ ತಗೊಂಡ್ಲರೀ ಅಕ್ಕಾರ? ಲಿವರಿಗೆ ಹಬ್ಬಿತ್ತು. ಇನ್ನ ಕೀಮೊ ತಡಕೊಳ್ಳಾಕ ಆಗೂದಿಲ್ಲ, ಮನಿಗೆ ಕರಕೊಂಡು ಹೋಗ್ರಿ ಅಂದಿದ್ರು ಡಾಕ್ಟರ್. ನಿಮಗ ರೋಗ ಬಂತು ಅಂತ ಫೋನ್ ಬಂತಲ್ಲ, ಅದಕ್ಕೂ ಮೊದ್ಲಿನ ಮಾತು."

ನನ್ನ ಜೊತೆ ಅವಳು ಒಂದೂ ಕೀಮೊ ತೆಗೆದುಕೊಂಡಿರಲಿಲ್ಲ.

"ನಿಮ್ಮ ಫೋನ್ ಬಂದ್ರ ನನ್ನ ಎಬ್ಬಿಸಿ ಕುಂಡ್ರಸ್ರಿ ಅಂತಿದ್ಲು," ಎಂದರು. "ಮಲ್ಕೊಂಡು ಮಾತಾಡಿದ್ರ ಕಸ್ತೂರಿಗೆ ದನಿಯಾಗ ಗೊತ್ತಾಗತೈತಿ, ಭಾಳ ಶ್ಯಾಣ್ಯಾ ಅದಾಳ ಅಂತ. ಬೆನ್ನಿಗೆ ದಿಂಬು ಕೊಟ್ಟು ನಾನ ಹಿಡಕೊಂಡಿರ್ತಿದ್ದೆ. ಕೊನಿಗೆ, ನಿಮ್ಮ ಕೀಮೊ ಮುಗಿಯೂತನಕ ಸುದ್ದಿ ಮುಟ್ಟಸಬ್ಯಾಡ್ರಿ ಅಂದ್ಲು. ಅಷ್ಟ ಶಶಿಕಲಾ ಅವರಿಗೆ ಹೇಳಿದ್ದೆ."

ಸಾಯುತ್ತಿದ್ದವಳ ಮುಂದೆ ನಾನು ಬಾಯಿಹುಣ್ಣಿನ ದೂರು ಹೇಳುತ್ತಿದ್ದೆ.

ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ. ಮುಂಡರಗಿ ಎಷ್ಟು ದೂರ? ಒಂದು ಸಲ ಹೋಗಿ ಅವಳ ಕಾಲ ಹತ್ತಿರ ಕೂರಬಹುದಿತ್ತು. ಅದನ್ನು ಎಲ್ಲರೂ ಸೇರಿ ನನ್ನಿಂದ ಕಸಿದುಕೊಂಡರು. ಆದರೆ ಸಿಟ್ಟಿನ ಕೆಳಗೆ ಇನ್ನೊಂದು ಮಾತೂ ಇತ್ತು. ನನ್ನ ಲೆಕ್ಕ ತಪ್ಪಿತ್ತು. ಔಷಧ ಅವಳ ಮೈಯಲ್ಲಿ ಮೊದಲೇ ಸೋತಿದ್ದು ಹೌದು, ಆದರೆ ನನ್ನ ಮೈಯಲ್ಲಿ ಅದು ಸೋತಿದೆ ಎಂದು ಯಾರೂ ಹೇಳಿರಲಿಲ್ಲ. ಉಸಿರು ಸಾಲದ ಹೊತ್ತಿನಲ್ಲೂ ಅವಳು ಎದ್ದು ಕೂತು ಸುಳ್ಳು ಹೇಳಿದ್ದು ನಾನು ಆರಕ್ಕೆ ನಿಲ್ಲಲೆಂದಲ್ಲ.

ಮುಂದಿನ ವಾರ ಹುಬ್ಬಳ್ಳಿಗೆ ಹೋದೆ. ತಡಮಾಡಿದ್ದಕ್ಕೆ ಡಾಕ್ಟರ್ ಬೈದರು. ಬೈಸಿಕೊಂಡೆ. ಏಳೂ ಆಯಿತು, ಎಂಟೂ ಆಯಿತು. ಸ್ಕ್ಯಾನಿನಲ್ಲಿ ಸದ್ಯ ಏನೂ ಕಾಣುತ್ತಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. 'ಸದ್ಯ' ಎಂಬ ಮಾತಿನ ಮೇಲೆ ಚೌಕಾಸಿ ಮಾಡಲಿಲ್ಲ. ಬೆರಳುಗಳು ಅರ್ಧ ಮರಳಿವೆ.

ರೋಗಿಯ ಹತ್ತಿರ ಇರುವವರಿಗೆ ಒಂದು ಮಾತು: ಧೈರ್ಯ ಹೇಳಿ, ಸುದ್ದಿ ಮುಚ್ಚಬೇಡಿ. ನೀಲಾ ಮಾಡಿದ್ದು ನನ್ನನ್ನು ಉಳಿಸಿರಬಹುದು. ಆದರೂ ಹೀಗೇ ಹೇಳುತ್ತೇನೆ.

ಗ್ರೂಪಿನಲ್ಲೂ ಬರೆದೆ: "ಇನ್ನ ಮುಂದ ಯಾರ ಹೋದ್ರೂ ಅವತ್ತ ಹಾಕ್ರಿ. ನಾ ಹೋದ್ರೂ ಸೈತ."

ಶಶಿ ಬರೆದಳು: "ನೀ ಹೋದ್ರ ನಿನ್ನ ನಂಬರ್ ತಗಿಯೂದು ಹೆಂಗವಾ? ಅಡ್ಮಿನ್ ನೀ ಒಬ್ಬಾಕಿನ ಅದಿ."

ಎಲ್ಲರೂ ನಗುವ ಮುಖ ಹಾಕಿದರು. ನಾನೂ ಹಾಕಿದೆ. ಆಮೇಲೆ ಶಶಿಯನ್ನೂ ಅಡ್ಮಿನ್ ಮಾಡಿದೆ.