ಕೈ ಎತ್ತಿದವನ ಮನೆಯ ನೀರು

ಹಿಂದೆ ಯಾರೋ ಬರುತ್ತಿದ್ದಾರೆ. ಆದರೆ ಹೆಜ್ಜೆ ಸಪ್ಪಳವಿಲ್ಲ. ನಿಮಗೆ ಹೇಗನಿಸುತ್ತದೆ?

ಕಳೆದ ಭಾನುವಾರ ಬೆಳಗ್ಗೆ ಕಾತ್ರಜದ ಗುಡ್ಡ ಹತ್ತುವಾಗ ನನ್ನ ಬೆನ್ನು ತಣ್ಣಗಾಯಿತು. ತಿರುಗಿ ನೋಡಿದರೆ ಸುಬೇದಾರ್ ಬಿರಾದಾರರು! ಧನಕವಡಿಯ ನಮ್ಮ ಸೊಸೈಟಿಯಲ್ಲಿ ಕೆಳಗಿನ ಫ್ಲ್ಯಾಟಿನವರು. ವಿಜಯಪುರದ ಕಡೆಯವರು. ಸೈನ್ಯದಿಂದ ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ನನ್ನ ಬೂಟಿನ ಗುರುತು ಬಿದ್ದಲ್ಲೇ ಕಾಲಿಡುತ್ತಿದ್ದರು. ಒಂದಿಂಚೂ ಆಚೀಚೆ ಇಲ್ಲ.

"ಇದೇನ್ ಸರ್?"

"ರೂಢಿ ರೀ. ಮುಂದಿನವ ಸತ್ತಿಲ್ಲ ಅಂದ್ರ ಆ ಜಾಗಾ ಚಲೋ ಅದ."

(ಮುಂದಿನವ ನಾನು!)

ಬಂಡೆಯ ಮೇಲೆ ಕೂತು ಹೇಳತೊಡಗಿದರು. ದೂರದ ಗಡಿಯಲ್ಲಿ ಕಾಡಿನ ನಡುವಿನ ಒಂದು ಊರು. ಬಂಡುಕೋರರಿಗೆ ಯೂನಿಫಾರ್ಮ್ ಇಲ್ಲ. ಊರವರಿಗೂ ಇಲ್ಲ. ಗುರುತು ಹಿಡಿಯುವುದು ಹೇಗೆ? ಅಲ್ಲೊಬ್ಬ ಮೇಷ್ಟ್ರು ಇವರೊಂದಿಗೆ ದಿನಾ ನಗುತ್ತಾ ಮಾತಾಡುತ್ತಿದ್ದನಂತೆ. "ನಿನ್ನ ಮನೆಗೆ ಏನೂ ಆಗುವುದಿಲ್ಲ, ಸಿಪಾಯಿಯ ಮಾತು" ಎಂದು ಬಿರಾದಾರರು ಅವನ ಕೈ ಹಿಡಿದು ಹೇಳಿದ್ದರು.

ಒಂದು ಬೆಳಗ್ಗೆ ಗಸ್ತಿಗೆ ಹೋದರೆ ಒಂದು ಒಲೆಯಲ್ಲೂ ಹೊಗೆಯಿಲ್ಲ. ನಾಯಿ ಬೊಗಳಲಿಲ್ಲ. ಬಾಗಿಲುಗಳೆಲ್ಲ ತೆರೆದಿವೆ, ಒಳಗೆ ಯಾರೂ ಇಲ್ಲ. ದಾರಿಯ ತುದಿಯಲ್ಲಿ ಮೇಷ್ಟ್ರು ಒಬ್ಬನೇ. ಇವರನ್ನು ಕಂಡದ್ದೇ ಕೈ ಎತ್ತಿದ.

ಬಾ ಅಂದನೋ, ಬೇಡ ಅಂದನೋ?

ಮುಂದಿದ್ದ ಇಬ್ಬರು ಹೆಜ್ಜೆಯಿಟ್ಟರು. ಹೂತಿಟ್ಟ ಬಾಂಬಿಗೆ ನೆಲ ಸಿಡಿಯಿತು. ಬಿರಾದಾರರ ಬಂದೂಕೂ ಸಿಡಿಯಿತು. ಮೇಷ್ಟ್ರು ಬಿದ್ದ.

"ಪದಕ ಕೊಟ್ರು, ಹುಲಿ ಅಂದ್ರು. ಅಂವ ಕೈ ಯಾಕ ಎತ್ತಿದ್ದ ಅಂತ ಒಬ್ರೂ ಕೇಳಲಿಲ್ಲ. ನಾ ದಿನಾ ಕೇಳ್ಕೋತೀನ್ರಿ."

"ಅವನ ಮನೆ?"

"ನಮ್ಮವರೇ ಬೆಂಕಿ ಹಚ್ಚಾಕ ಹೊಂಟಿದ್ರು. ಬಾಗಿಲದಾಗ ಅಡ್ಡ ನಿಂತೆ. ಮಾತು ಕೊಟ್ಟಿದ್ದೆನಲ್ರೀ."

ತಾನೇ ಕೊಂದವನ ಮನೆಗೆ ತಾನೇ ಕಾವಲು! ಜೊತೆಗಾರರು ಆಮೇಲೆ ತಿಂಗಳುಗಟ್ಟಲೆ ಮಾತಾಡಿಸಲಿಲ್ಲವಂತೆ.

ಮಧ್ಯಾಹ್ನ ಊರವರು ಒಬ್ಬೊಬ್ಬರಾಗಿ ಕಾಡಿನಿಂದ ಹೊರಬಂದರು. ಅಳು ಇಲ್ಲ, ಬೈಗುಳ ಇಲ್ಲ. ಮೇಷ್ಟ್ರ ಹೆಂಡತಿ ಇವರನ್ನು ದಾಟಿ ಒಳಗೆ ಹೋದಳು. ಒಂದು ಲೋಟ ನೀರು ತಂದು ಇವರ ಮುಂದೆ ಹಿಡಿದಳು.

"ಕುಡಿದ್ರಾ?"

"ಕುಡಿದೆ. ಭಾಳ ತಣ್ಣಗಿತ್ರಿ. ಮುಗಿಸೂತನಕ ನನ್ನ ಗಂಟಲನ್ನೇ ನೋಡಕೋತ ನಿಂತಿದ್ಲು."

ಟ್ಯಾಂಕು, ವಿಮಾನ, ಉಪಗ್ರಹ ಎಲ್ಲ ಇರುವ ದೊಡ್ಡ ದೇಶಗಳು ಸಣ್ಣ ಗುಡ್ಡಗಳಲ್ಲಿ ಯಾಕೆ ಸೋಲುತ್ತವೆ ಎಂದು ಟಿವಿಯಲ್ಲಿ ಪಂಡಿತರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ನನಗೀಗ ಒಂದೇ ಪ್ರಶ್ನೆ.

ಅಂಥ ಲೋಟ ಎದುರು ಬಂದಾಗ ಏನು ಮಾಡಬೇಕೆಂದು ಯಾವ ದೇಶದ ಸೈನ್ಯ ಟ್ರೇನಿಂಗ್ ಕೊಡುತ್ತದೆ?