ಅಮ್ಮಯಮ್ಮ ಬದಲಾಯಿಸಿಕೊಂಡ ಮಾತ್ರೆ

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡೊಂದರಲ್ಲಿ ಅಮ್ಮಯಮ್ಮ ಇಪ್ಪತ್ತೆರಡು ವರ್ಷದಿಂದ ನೂಲು ಸುತ್ತುತ್ತಾಳೆ. ಯಾರಿಗೆ ಯಾವ ಯಂತ್ರ ಎಂದು ಅಲ್ಲಿ ತಿಂಗಳಿಗೊಮ್ಮೆ ಚೀಟಿ ಎತ್ತುತ್ತಾರೆ. ಒಳ್ಳೆಯ ಯಂತ್ರ ಜೊತೆಗೆ ನೂಲು ಸುತ್ತುವ ಕಮರ್ ಜಹಾನಳಿಗೇ ಬೀಳುತ್ತದೆ ಎಂಬುದು ಅಮ್ಮಯಮ್ಮನ ಹಳೆಯ ಸಂಕಟ. ಬೇಕಾದವರು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದು, ಯಜಮಾನ ಕೇಳುವುದಿಲ್ಲ. ಬೆನ್ನುನೋವು ಎಂದರೆ ಡಬ್ಬಿಯಿಂದ ಮಾತ್ರೆ ಕೊಡುತ್ತಾನೆ, ಅಷ್ಟೆ. ಅದನ್ನು ಖಾಲಿ ಹೊಟ್ಟೆಗೆ ನುಂಗಿ ನುಂಗಿ ಇಬ್ಬರೂ ಒಂದೇ ವಾರದಲ್ಲಿ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದರು. ಡಬ್ಬಿ ಮಾತ್ರ ಇನ್ನೂ ಶೆಡ್ಡಿನಲ್ಲೇ ಇದೆ.

ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ರಕ್ತ ನಿಲ್ಲಿಸಿದರು. ಹೊಟ್ಟೆಯೊಳಗಿನ ಹುಣ್ಣು ಮತ್ತೆ ಒಸರದಂತೆ ತಡೆಯಲು ಎರಡು ಔಷಧಗಳಲ್ಲಿ ಯಾವುದು ಮೇಲು ಎಂದು ಅಲ್ಲಿನ ಡಾಕ್ಟರು ಹೋಲಿಸಿ ನೋಡುತ್ತಿದ್ದರು. ಯಾರಿಗೆ ಯಾವುದು ಎಂಬುದಕ್ಕೆ ಇಲ್ಲೂ ಚೀಟಿ. ಅಮ್ಮಯಮ್ಮನಿಗೆ ಸಣ್ಣ ಬಿಳಿ ಮಾತ್ರೆ, ಪಕ್ಕದ ಹಾಸಿಗೆಯ ಕಮರಳಿಗೆ ಕೆಂಪು ಕ್ಯಾಪ್ಸೂಲು; ಕೆಲವು ದಿನದ್ದನ್ನು ಒಟ್ಟಿಗೇ ಕೈಗೆ ಕೊಟ್ಟರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡ ದೊಡ್ಡವರಿಗೆ, ಬದಲಾಯಿಸಿಕೊಳ್ಳಬೇಡಿ ಎಂಬ ಒಂದು ಮಾತು ಹೇಳಲು ಪುರುಸೊತ್ತಾಗಲಿಲ್ಲ.

“ಇಲ್ಲೂ ನಿಂಗೇ ಒಳ್ಳೇದು ಬಿತ್ತಲ್ಲೇ. ಏನ್ ಮಾಟ ಮಾಡ್ಸಿದೀಯ?” ಎಂದಳು ಅಮ್ಮಯಮ್ಮ.

“ಕೆಂಪಗಿದ್ರೆ ಒಳ್ಳೇದಾ ಅಮ್ಮಯ್ಯಕ್ಕಾ? ಬೇಕಾದ್ರೆ ತಗೋ. ಶೆಡ್ಡಲ್ಲೂ ನನ್ ಮಿಷನ್ ಮೇಲೇ ನಿನ್ ಕಣ್ಣು.”

“ಹೂಂ, ಕೊಡು ಮತ್ತೆ.”

ಎರಡು ದಿನ ಒಬ್ಬರದನ್ನು ಒಬ್ಬರು ನುಂಗಿದರು. ಮೂರನೆಯ ಬೆಳಿಗ್ಗೆ ಕಮರ್ ಮತ್ತೆ ರಕ್ತ ಕಾರಿದಳು. ಡಾಕ್ಟರ್ ಉಮಾಶಂಕರ್ ಅವಳ ಹಾಳೆ ನೋಡಿ ನರ್ಸ್ ಚಂದನಳಿಗೆ ಹೇಳಿದರು: “ಕ್ಯಾಪ್ಸೂಲು ಕೈಕೊಡ್ತು ಅಂತ ಬರ್ಕೊಳಿ. ಇವರಿಗೆ ಬಿಳಿ ಮಾತ್ರೆ ಕೊಡೋಣ.”

ಅಮ್ಮಯಮ್ಮನ ಮುಷ್ಟಿಯಲ್ಲಿ ಇನ್ನೂ ನಾಲ್ಕು ಕೆಂಪು ಕ್ಯಾಪ್ಸೂಲುಗಳಿದ್ದವು. ಹೇಳಿದರೆ ಅವು ಕೈತಪ್ಪುತ್ತವೆ. ಹೇಳದಿದ್ದರೆ, ಕಮರಳನ್ನು ಕಾಯದ ಮಾತ್ರೆಯೇ ಮತ್ತೆ ಅವಳ ಬಾಯಿಗೆ. ಮುಷ್ಟಿ ತೆರೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತನ್ನು ನಾನು ಮುಚ್ಚಿಡುವುದಿಲ್ಲ.

“ಬಿಳೀದನ್ನೇ ಅವ್ಳು ತಿಂದಿರೋದು, ಸಾರ್. ಇದು ನಾನ್ ಇಸ್ಕೊಂಡಿದ್ದು.”

“ಲೆಕ್ಕಾನೆಲ್ಲ ಕೆಡಿಸಿಬಿಟ್ರಲ್ಲಮ್ಮ,” ಎಂದರು ಡಾಕ್ಟರು. ಕಮರಳ ಗತಿಯೇನು ಎಂಬುದು ಅವರ ಬಾಯಲ್ಲಿ ಆಮೇಲೆ ಬಂತು. ಇಬ್ಬರನ್ನೂ ಹೋಲಿಕೆಯಿಂದ ಕೈಬಿಟ್ಟು, ಕಮರಳಿಗೆ ಮತ್ತೆ ಕೊಳವೆ ಇಳಿಸಿ ಡ್ರಿಪ್ ಏರಿಸಿದರು.

ಸಂಜೆಗೆ ರಕ್ತ ನಿಂತಿತು. ಅಮ್ಮಯಮ್ಮ ಅವಳ ಕೈ ಹಿಡಿದು ಕೂತಳು. ಕಣ್ಣು ಮಾತ್ರ ಮೇಲಿನ ಬಾಟಲಿಯ ಮೇಲಿತ್ತು.

“ನಿಂಗೆ ಡ್ರಿಪ್ಪು ಬೇರೆ,” ಎಂದಳು.

ಕಮರ್ ಕಣ್ಣು ತೆರೆಯದೆಯೇ ಉತ್ತರ ಕೊಟ್ಟಳು. “ಇದನ್ನ ಮಾತ್ರ ಕೊಡಲ್ಲ ಕಣಕ್ಕಾ.”